ಅಪ್ಪ ಸಂಜೆ ಬೇಟೆಗೆ ಹೋದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ಮುಗಿಯದ ಜಗಳವಿತ್ತು. ಬೇರೆ ಮನೆಗಳಲ್ಲಿ ಅಣ್ಣತಮ್ಮಂದಿರು ಹೊಲಕ್ಕೆ, ಬಂಗಾರಕ್ಕೆ ಬಡಿದಾಡಿಕೊಳ್ಳುತ್ತಿದ್ದರೆ ನಮ್ಮ ಅಪ್ಪ ಮತ್ತು ಅವನ ತಮ್ಮ, ಅಂದರೆ ನನ್ನ ಕಾಕಾ, ಚಿಗರಿ ಬೇಟೆಗೆ ಬೆಳಗಿನ ಹೊತ್ತು ಒಳ್ಳೆಯದೋ ಸಂಜೆಯ ಹೊತ್ತು ಒಳ್ಳೆಯದೋ ಎಂದು ಬಡಿದಾಡಿಕೊಳ್ಳುತ್ತಿದ್ದರು. ಅಂಗಳದಲ್ಲಿ ಕೂತು ರೊಟ್ಟಿ ಮುರಿಯುವಾಗ ಮಾತು ಶುರುವಾದರೆ ಎಂಜಲು ಕೈ ಒಣಗಿದರೂ ಇಬ್ಬರೂ ಏಳುತ್ತಿರಲಿಲ್ಲ. ಅವ್ವ ಬಂದು ಗಂಗಾಳಗಳನ್ನು ಕಿತ್ತುಕೊಂಡು ಹೋಗಬೇಕಾಗುತ್ತಿತ್ತು.

ಚಿಗರಿ ಎಂದರೆ ಜಿಂಕೆ. ಆದರೆ ನಿಮ್ಮ ಶಾಲೆಯ ಗೋಡೆಯ ಮೇಲೆ ಬರೆದಿದ್ದಾರಲ್ಲ, ಮೈತುಂಬ ಚುಕ್ಕೆಯದು, ಅದಲ್ಲ. ಆ ಚುಕ್ಕೆಯ ಜಿಂಕೆ ನಮ್ಮ ಸೀಮೆಯದೇ ಅಲ್ಲ. ನಮ್ಮ ಚಿಗರಿಯ ಗಂಡಿಗೆ ಕಪ್ಪು ಬೆನ್ನು, ಬಿಳಿ ಹೊಟ್ಟೆ, ಹುರಿಹಾಕಿದ ಹಗ್ಗದ ಹಾಗೆ ತಿರುಚಿದ ಉದ್ದ ಕೊಂಬು. ಹೆಣ್ಣು ಒಣಗಿದ ಹುಲ್ಲಿನ ಬಣ್ಣದ್ದು, ಕೊಂಬಿಲ್ಲದ್ದು. ಸುರಪುರದ ಗುಡ್ಡಗಳ ಬುಡದಿಂದ ಹಿಡಿದು ಶಹಾಪುರದ ಕಡೆಯ ಎರೆಹೊಲಗಳವರೆಗೂ ಅವು ಹಿಂಡು ಹಿಂಡಾಗಿ ಇರುತ್ತಿದ್ದವು. ಚಳಿಗಾಲದಲ್ಲಿ ಕಡಲೆ, ಜೋಳ ಎದ್ದು ನಿಂತಾಗ ಅವು ಮೇಯಲು ಗುಡ್ಡದಿಂದ ಇಳಿಯುತ್ತಿದ್ದವು, ನಾವು ಬೈಯುತ್ತಾ ಓಡಿಸುತ್ತಿದ್ದೆವು. ಆಮೇಲೆ ಒಂದು ದಿನ ಅಪ್ಪ ಒಂದನ್ನು ಹೊಡೆದು ತರುತ್ತಿದ್ದ, ನಾವು ತಿನ್ನುತ್ತಿದ್ದೆವು. ಚಿಗರಿ ಹೊಡೆಯುವುದು ಆಗಲೂ ಕಾನೂನಿಗೆ ವಿರುದ್ಧವೇ ಆಗಿತ್ತು. ನಮ್ಮ ಓಣಿಯವರಿಗೆ ಅದು ಗೊತ್ತಿತ್ತು. ನಾನು ಬೆಣ್ಣೆ ಹಚ್ಚಿ ಹೇಳುವವಳಲ್ಲ, ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಅಪ್ಪ ಬೆಳಗಿನ ಬೇಟೆಯವನು. ಅದಕ್ಕೆ ಅವನ ಹತ್ತಿರ ಒಂದು ಎತ್ತು ಇತ್ತು. ನಗಬೇಡಿ, ನಾಯಿಯಲ್ಲ, ಎತ್ತೇ. ಚಿಗರಿಗೆ ಮನುಷ್ಯನನ್ನು ಕಂಡರೆ ಆಗದು, ಎತ್ತನ್ನು ಕಂಡರೆ ಹೆದರಿಕೆಯಿಲ್ಲ. ಅಪ್ಪ ಎತ್ತಿನ ಹೆಗಲ ಮರೆಯಲ್ಲಿ ಬಾಗಿಕೊಂಡು, ಮೂಗುದಾರ ಹಿಡಿದು, ಅದು ಒಂದೊಂದೇ ಬಾಯಿ ಹುಲ್ಲು ಕೀಳುತ್ತಾ ಮುಂದೆ ಸಾಗುವ ಹಾಗೆ ನಡೆಸುತ್ತಿದ್ದ. ಸಾಕಷ್ಟು ಹತ್ತಿರವಾದ ಮೇಲೆ ಅದರ ಬೆನ್ನ ಮೇಲಿಂದಲೇ ಗುಂಡು ಹಾರಿಸುತ್ತಿದ್ದ. ತನ್ನ ಬೆನ್ನ ಮೇಲೆ ಬಂದೂಕು ಢಮ್ಮೆಂದರೂ ಆ ಎತ್ತು ಬಾಲ ಸಹ ಅಲ್ಲಾಡಿಸುತ್ತಿರಲಿಲ್ಲ. ಬೇಟೆಗೆ ಹೊರಡುವ ಮುಂಚೆ ಅಪ್ಪ ಅದಕ್ಕೆ ಒಂದು ಹಿಡಿ ಬೆಲ್ಲ ತಿನ್ನಿಸುತ್ತಿದ್ದ. ನಮಗೆ ಬೆಲ್ಲ ಕೇಳಿದರೆ ಹಲ್ಲು ಹಾಳಾಗುತ್ತವೆ ಎನ್ನುತ್ತಿದ್ದ.

ಊರು ತಗ್ಗಿನಲ್ಲಿ, ಮೂಡಣಕ್ಕೆ. ಗುಡ್ಡ ಎತ್ತರದಲ್ಲಿ, ಪಡುವಣಕ್ಕೆ. ನಡುವೆ ಹೊಲಗಳು. ಬೆಳಿಗ್ಗೆ ಎತ್ತುಗಳೆಲ್ಲ ಊರಿನಿಂದ ಹೊಲಕ್ಕೆ ಬರುವ ಹೊತ್ತು. ಆಗ ಊರ ಕಡೆಯಿಂದ ಇನ್ನೊಂದು ಎತ್ತು ಬಂದರೆ ಚಿಗರಿ ತಲೆ ಎತ್ತಿಯೂ ನೋಡುವುದಿಲ್ಲ. ಸೂರ್ಯ ಅಪ್ಪನ ಬೆನ್ನಿಗಿದ್ದು ಚಿಗರಿಯ ಕಣ್ಣಿಗೆ ಹೊಡೆಯುತ್ತದೆ. ಗುಂಡಿನ ಸದ್ದಿಗೆ ಹಿಂಡು ಹಿಂದಕ್ಕೆ ತಿರುಗಿ ಗುಡ್ಡ ಸೇರುತ್ತದೆ. ಆದರೆ ಅಪ್ಪ ಎಲ್ಲಕ್ಕಿಂತ ದೊಡ್ಡದಾಗಿ ಹಿಡಿದಿದ್ದ ಮಾತು ಬೇರೆ. ಬೆಳಿಗ್ಗೆ ಪೆಟ್ಟು ತಿಂದ ಪ್ರಾಣಿ ತಪ್ಪಿಸಿಕೊಂಡರೆ ಅದನ್ನು ಹುಡುಕಿ ಸಂಕಟದಿಂದ ಬಿಡಿಸಲು ಇಡೀ ಹಗಲು ಕೈಯಲ್ಲಿರುತ್ತದೆ. ಸಂಜೆ ಪೆಟ್ಟು ತಿಂದದ್ದು ಕತ್ತಲಲ್ಲಿ ಹೋಗಿ ಎಲ್ಲಿ ನರಳುತ್ತದೋ ಯಾರಿಗೆ ಗೊತ್ತು ಎನ್ನುತ್ತಿದ್ದ.

ಕಾಕಾನಿಗೆ ಇದೆಲ್ಲ ಹೆಂಗಸರ ಅಳುಕಿನ ಹಾಗೆ ಕಾಣುತ್ತಿತ್ತು. ಅವನು ಎತ್ತು ಗಿತ್ತು ಇಲ್ಲದೆ ಗುಡ್ಡದ ಬಂಡೆಗಳ ನಡುವೆ ಕೂತು, ಸಂಜೆ ಚಿಗರಿ ಇಳಿದ ಮೇಲೆ ಅವುಗಳ ಹಿಂದಿನಿಂದ ಬರುವವನು. ಆಗಲೂ ಸೂರ್ಯ ಬೇಟೆಗಾರನ ಬೆನ್ನಿಗೇ ಇರುತ್ತಾನಲ್ಲ, ಗುಡ್ಡದ ಕಡೆಯಿಂದ. ಸಂಜೆಯ ಚಿಗರಿ ಹಸಿದು ಬಂದಿರುತ್ತದೆ, ಅದಕ್ಕೆ ಮೈಮೇಲೆ ಖಬರಿರುವುದಿಲ್ಲ, ಬೆಳಗಿನದಕ್ಕೆ ಹೊಟ್ಟೆ ತುಂಬಿ ಕಿವಿ ನಿಗುರಿರುತ್ತವೆ ಎಂದು ಅವನ ವಾದ. ಅವ್ವ ಕಾಕಾನ ಪಕ್ಷ. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಅಂಗಳದಲ್ಲಿ ರಕ್ತ, ಕೂದಲು, ಓಣಿಯ ಮಂದಿಯೆಲ್ಲ ಪಾಲಿಗೆ ಬಂದು ನಿಂತರೆ ಯಾರಿಗೆ ಬೇಕು ಎನ್ನುತ್ತಿದ್ದಳು. ಅಕ್ಕ ಯಾರ ಪಕ್ಷವೂ ಅಲ್ಲ. ಅವಳು ಚಿಗರಿಯ ಮಾಂಸ ತಿನ್ನುತ್ತಿರಲಿಲ್ಲ, ಮರಿಗಳ ಮುಖ ನೆನಪಾಗುತ್ತದೆ ಎನ್ನುತ್ತಿದ್ದಳು.

ಆಮೇಲೆ ಕಾಲುವೆ ಬಂತು. ಕೃಷ್ಣೆಯ ನೀರು ನಮ್ಮೂರಿಗೆ ಬರುತ್ತದೆಂದು ಊರಿಗೆ ಊರೇ ಕುಣಿದಿತ್ತು, ನಾವೂ ಕುಣಿದಿದ್ದೆವು. ಅಳೆಯುವವರು ಬಂದು ಕಲ್ಲು ನೆಟ್ಟು ಹೋದ ಮೇಲೆಯೇ ಅಪ್ಪನಿಗೆ ಅರ್ಥವಾದದ್ದು, ಕಾಲುವೆ ಹೋಗುವುದು ನಮ್ಮ ಹೊಲದ ಕೆಳಗೆ ಎಂದು. ನೀರು ಮೇಲಕ್ಕೆ ಏರುವುದಿಲ್ಲ. ಊರ ಕಡೆಯ ಹೊಲಗಳಿಗೆಲ್ಲ ನೀರು, ಗುಡ್ಡದ ಕಡೆಯ ನಮ್ಮ ಹೊಲಕ್ಕೆ ಇಲ್ಲ. ಅಷ್ಟೇ ಆಗಿದ್ದರೆ ಹೋಗಲಿ, ಮಳೆ ನೆಚ್ಚಿ ಬದುಕಿದವರಿಗೆ ಅದು ಹೊಸದಲ್ಲ. ಆದರೆ ಕಾಲುವೆ ನಮ್ಮ ಮನೆಗೂ ಹೊಲಕ್ಕೂ ನಡುವೆ ಮಲಗಿಬಿಟ್ಟಿತು. ಎರಡೂ ಬದಿಗೆ ಮಣ್ಣಿನ ಎತ್ತರದ ದಂಡೆ, ಒಳಗೆ ಕಲ್ಲು ಹಾಸಿ ಸಿಮೆಂಟು ಬಳಿದ ನುಣ್ಣನೆಯ ಇಳಿಜಾರು. ಕರೆದರೆ ಕೇಳುವಷ್ಟು ಹತ್ತಿರವಿದ್ದ ಹೊಲಕ್ಕೆ ಹೋಗಲು ದಂಡೆಗುಂಟ ನಡೆದು ಡಾಂಬರು ರಸ್ತೆಯ ಸೇತುವೆ ದಾಟಿ, ಆ ಕಡೆಯ ದಂಡೆಗುಂಟ ಮತ್ತೆ ಅಷ್ಟೇ ದೂರ ವಾಪಸು ನಡೆಯಬೇಕಾಯಿತು. ಅಕ್ಕ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಆ ದಾರಿ ನಡೆದು ಬಂದರೆ ರಾತ್ರಿ ಕುತ್ತಿಗೆ ತಿರುಗಿಸಲು ಬರುತ್ತಿರಲಿಲ್ಲ. ಗೊಬ್ಬರ ಸಾಗಿಸುವುದು, ರಾಶಿ ತರುವುದು ಆ ಸುತ್ತಿನಲ್ಲಿ ಆಗುವ ಮಾತೇ ಅಲ್ಲ.

ನಮಗೆ ಬೇಕಾಗಿದ್ದದ್ದು ಒಂದು ಸಣ್ಣ ಸೇತುವೆ. ನಮ್ಮ ಕಡೆ ಅದಕ್ಕೆ ಪೂಲು ಎನ್ನುತ್ತಾರೆ. ಒಂದು ಜೋಡಿ ಎತ್ತು ದಾಟಿದರೆ ಸಾಕು. ಅಪ್ಪ ಕಾಲುವೆಯ ಕ್ಯಾಂಪಿಗೆ ತಿರುಗಿ ತಿರುಗಿ ಚಪ್ಪಲಿ ಸವೆಸಿದ. ಅಲ್ಲಿಯ ಓವರ್ಸಿಯರ್ ಒಮ್ಮೆ ಆಗುತ್ತದೆ ಎನ್ನುತ್ತಿದ್ದ, ಒಮ್ಮೆ ನೋಡೋಣ ಎನ್ನುತ್ತಿದ್ದ, ಒಮ್ಮೆ ಮುಖವನ್ನೇ ತೋರಿಸುತ್ತಿರಲಿಲ್ಲ. ಪೂಲು ಆಗದಿದ್ದರೆ ಹೊಲ ಮಾರುವುದೇ ಎಂದು ಅಪ್ಪ ಅವ್ವನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಆ ವರ್ಷ ಕಾಕಾ ಕಾಲುವೆಯ ಕಲ್ಲು ಹೊರುವ ಕೂಲಿಗೆ ಹೋಗಿ ಕಾಲು ಜಜ್ಜಿಸಿಕೊಂಡು ಮನೆಯಲ್ಲಿ ಬಿದ್ದಿದ್ದ. ಕಾಲುವೆಯಲ್ಲಿ ನೀರು ಹರಿದ ಮೊದಲ ಚಳಿಗಾಲ ಅದು.

ಒಂದು ಮಧ್ಯಾಹ್ನ ಅಪ್ಪ, ಅಕ್ಕ, ನಾನು ಹೊಲದಲ್ಲಿದ್ದೆವು. ಕಡಲೆ ಹೂವು ಬಿಟ್ಟಿತ್ತು. ಅದರ ಎಲೆಯ ಹುಳಿ ನಮ್ಮ ಕಾಲಿಗೆಲ್ಲ ಹತ್ತಿ ಕಡಿಯುತ್ತಿತ್ತು. ದಂಡೆಯ ಮೇಲೆ ಫಟಫಟಿ ಬಂದು ನಿಂತಿತು. ಓವರ್ಸಿಯರ್ ಅದರಿಂದ ಇಳಿಯದೆಯೇ ಅಪ್ಪನನ್ನು ಕೈಮಾಡಿ ಕರೆದ. ಮೇಲಿನ ದೊಡ್ಡ ಸಾಹೇಬರು ಕ್ಯಾಂಪಿಗೆ ಬಂದಿದ್ದಾರೆ, ನಾಳೆ ನಸುಕಿನಲ್ಲೇ ಹೋಗುತ್ತಾರೆ, ಅವರಿಗೆ ಚಿಗರಿಯ ಮಾಂಸ ತಿನ್ನುವ ಆಸೆಯಾಗಿದೆ ಎಂದ. ಸಂಜೆಯೊಳಗೆ ಒಂದನ್ನು ಮುಟ್ಟಿಸಿದರೆ ಪೂಲಿನ ಜಾಗವನ್ನು ತಾನೇ ಸಾಹೇಬರಿಗೆ ತೋರಿಸಿ ಒಪ್ಪಿಸುತ್ತೇನೆ ಎಂದ. ಬೇಟೆ ಆಡಬಾರದೆಂದು ಹೇಳಬೇಕಾದ ಸರ್ಕಾರಿ ಮಂದಿಯೇ ನಮ್ಮ ಬಾಗಿಲಿಗೆ ಬೇಟೆ ಕೇಳಲು ಬಂದಿದ್ದರು, ನೋಡಿ.

"ಸಂಜಿ ಬ್ಯಾಟಿ ನಾ ಆಡಂಗಿಲ್ರಿ. ಮುಂಜಾನಿ ಬೆಳಕ ಹರಿಯೂದ್ರಾಗ ತಂದ್ರ ನಡಿಯಂಗಿಲ್ಲೇನ್ರಿ?" ಎಂದು ಅಪ್ಪ ಕೇಳಿದ.

"ಮುಂಜಾನಿ ಸಾಹೇಬ್ರು ಇರಂಗಿಲ್ಲ, ಪೂಲೂ ಇರಂಗಿಲ್ಲ. ಮುಂದ ನಿನ್ನ ಮರ್ಜಿ" ಎಂದು ಅವನು ಗಾಡಿ ತಿರುಗಿಸಿದ.

ಅಪ್ಪ ಸ್ವಲ್ಪ ಹೊತ್ತು ಅಕ್ಕನ ಕಡೆ ನೋಡುತ್ತಾ ನಿಂತ. ಅವಳು ಕುಡುಗೋಲು ಹಿಡಿದು ಬದುವಿನ ಹುಲ್ಲು ಕೊಯ್ಯುತ್ತಿದ್ದಳು. ಆಮೇಲೆ ಮನೆಯ ದಾರಿ ಹಿಡಿದ. ಹೊತ್ತು ಇಳಿಯುವಾಗ ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮರಳಿ ಬಂದ. ಮನೆಯಲ್ಲಿ ಕಾಕಾ ನಕ್ಕನಂತೆ. ಕೊನೆಗೂ ನನ್ನ ದಾರಿಗೆ ಬಂದೆಯಲ್ಲ ಅಣ್ಣ ಎಂದು ಕೈ ಹಿಡಿದುಕೊಂಡು, ಗುಡ್ಡದ ಬದಿಯಿಂದ ಇಳಿ, ಸೂರ್ಯ ಬೆನ್ನಿಗಿರಲಿ ಎಂದು ಎಲ್ಲ ಹೇಳಿಕೊಟ್ಟನಂತೆ. ಅಪ್ಪ ಅದಕ್ಕೆ ತನ್ನದೂ ಒಂದು ಯುಕ್ತಿ ಸೇರಿಸಿಕೊಂಡಿದ್ದ. ಸಂಜೆ ಎತ್ತುಗಳು ಹೊಲದಿಂದ ಊರ ಕಡೆ ಹೋಗುವ ಹೊತ್ತು. ಗುಡ್ಡದಿಂದ ಊರ ಕಡೆ ಎತ್ತು ಇಳಿದು ಬಂದರೆ ಚಿಗರಿಗೆ ಅನುಮಾನ ಬರುವುದಿಲ್ಲ. ಇಬ್ಬರೂ ಬುದ್ಧಿವಂತರೇ, ಇಬ್ಬರ ಲೆಕ್ಕವೂ ಸರಿಯೇ. ಬೆಳಕು, ಗಾಳಿ, ಎತ್ತಿನ ನಡಿಗೆ, ಎಲ್ಲ ಯೋಚಿಸಿದ್ದರು. ಹಿಂಡು ಓಡುವ ಕಡೆ ಈಗ ಏನಿದೆ ಎಂಬುದೊಂದು ಇಬ್ಬರ ತಲೆಗೂ ಹೊಳೆಯಲಿಲ್ಲ. ತಲೆತಲಾಂತರದಿಂದ ಆ ಕಡೆ ಬರೀ ಹೊಲಗಳೇ ಇದ್ದವು.

ನಮ್ಮನ್ನು ಬೇಗ ಮನೆಗೆ ಹೋಗಲು ಹೇಳಿ ಅಪ್ಪ ಎತ್ತನ್ನು ಹಿಡಿದುಕೊಂಡು ಗುಡ್ಡದ ಮಗ್ಗುಲಿಗೆ ಹೋದ. ಅಕ್ಕ ಹೊರೆ ಕಟ್ಟಿದಳು, ನಾನು ಸಣ್ಣದೊಂದು ಹೊರೆ ಹೊತ್ತೆ, ಇಬ್ಬರೂ ದಂಡೆಯ ಮೇಲೆ ಆ ಸುತ್ತು ದಾರಿ ಹಿಡಿದೆವು. ಮನೆಯ ಕಡೆಯ ಹೊಲಗಳಲ್ಲಿ ಮೊದಲ ಸಲ ಭತ್ತ ಹಚ್ಚಿದ್ದರು. ಅಲ್ಲಿಂದ ಕೆಸರಿನ ವಾಸನೆ ಬರುತ್ತಿತ್ತು. ಈ ಕಡೆ ನಮ್ಮ ಒಣ ಹೊಲಗಳ ಧೂಳಿನ ವಾಸನೆ. ಕಾಲುವೆಯಲ್ಲಿ ಅಪ್ಪನ ಎದೆಮಟ್ಟದ ನೀರು ಸದ್ದಿಲ್ಲದೆ ಜೋರಾಗಿ ಹರಿಯುತ್ತಿತ್ತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂಡು ಇಳಿಯಿತು. ಮುಂದೆ ಒಂದು ಮುದಿ ಹೆಣ್ಣು, ಅದರ ಹಿಂದೆ ಹೆಣ್ಣುಗಳು, ಮರಿಗಳು, ಎಲ್ಲಕ್ಕಿಂತ ಹಿಂದೆ ಕತ್ತೆತ್ತಿಕೊಂಡು ಕಪ್ಪು ಗಂಡು. ಕೆಂಪು ಬಿಸಿಲಿನಲ್ಲಿ ಅವುಗಳ ಬಿಳಿ ಹೊಟ್ಟೆ ಹೊಳೆಯುತ್ತಿತ್ತು. ಅಕ್ಕ ಹೊರೆಯನ್ನು ದಂಡೆಯ ಮೇಲಿಟ್ಟು ನಿಂತಳು, ಮರಿಗಳನ್ನು ನೋಡಬೇಕೆಂದು. ಅವುಗಳ ಹಿಂದೆ ದೂರದಲ್ಲಿ ನಮ್ಮ ಎತ್ತು ಹುಲ್ಲು ಕೀಳುತ್ತಾ ಇಳಿಯುತ್ತಿತ್ತು. ಅಪ್ಪ ಕಾಣುತ್ತಿರಲಿಲ್ಲ, ಎತ್ತಿನ ಹೊಟ್ಟೆಯ ಕೆಳಗೆ ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ನನಗೆ ಅದು ಆರು ಕಾಲಿನ ಎತ್ತಿನ ಹಾಗೆ ಕಂಡು ನಗು ಬಂತು.

ಗುಂಡು ಹಾರಿತು. ಕಪ್ಪು ಗಂಡು ಇದ್ದಲ್ಲೇ ಮಡಚಿ ಬಿತ್ತು. ಅಪ್ಪ ಹೆಣ್ಣನ್ನು ಹೊಡೆಯುತ್ತಿರಲಿಲ್ಲ, ಅವನ ಗುರಿಯೂ ತಪ್ಪಿರಲಿಲ್ಲ. ಉಳಿದವು ಗುಡ್ಡದ ಕಡೆ ತಿರುಗುವ ಹಾಗಿರಲಿಲ್ಲ, ಗುಡ್ಡದ ಕಡೆಯಿಂದಲೇ ಸದ್ದು ಬಂದಿತ್ತು. ಅವು ನೇರವಾಗಿ ನಮ್ಮ ಕಡೆ, ಕಾಲುವೆಯ ಕಡೆ ಓಡಿ ಬಂದವು. ಓಟವೆಂದರೆ ಓಟವಲ್ಲ, ನೆಲಕ್ಕೆ ಕಾಲು ತಾಗಿದ್ದೇ ತಿಳಿಯದ ಹಾಗೆ ಹಾರಿ ಹಾರಿ ಬರುತ್ತಿದ್ದವು. ಅಕ್ಕನಿಗೆ ನನಗಿಂತ ಮೊದಲು ತಿಳಿಯಿತು. ಅವಳು ಸೆರಗು ಬಿಚ್ಚಿ ಬೀಸುತ್ತಾ ಎದುರಿಗೆ ಓಡಿದಳು, ಹೋ ಹೋ ಎಂದು ಕೂಗಿದಳು. ನಾನೂ ಎರಡೂ ಕೈ ಬೀಸುತ್ತಾ ಕೂಗಿದೆ. ಹಿಂಡು ನಮ್ಮನ್ನು ಕಂಡು ಎರಡಾಗಿ ಒಡೆದು, ನಮ್ಮ ಅಕ್ಕಪಕ್ಕದಿಂದ ದಂಡೆ ಏರಿತು. ಆ ಎತ್ತರದ ಮಣ್ಣಿನ ಆಚೆ ಏನಿದೆ ಎಂದು ಅವುಗಳಿಗೆ ಕಾಣುವ ಹಾಗಿರಲಿಲ್ಲ. ಬದುವನ್ನು ಹಾರುವ ಹಾಗೆ ಹಾರಿದವು. ಒಂದು ಮರಿ ನನ್ನ ಕೈಗೆ ತಾಗಿಯೇ ಹೋಯಿತು. ಅದರ ಮೈ ಬೆಚ್ಚಗಿತ್ತು.

ಆಮೇಲಿನ ಸದ್ದುಗಳನ್ನು ನಿಮಗೆ ಹೇಳುವುದಿಲ್ಲ. ಕೆಲವು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡವು. ಕೆಲವು ನೀರಿಗೆ ಬಿದ್ದು ಈಜಿ ಬಂದು, ಆ ನುಣ್ಣನೆಯ ಸಿಮೆಂಟಿನ ಮೇಲೆ ಗೊರಸು ಊರಿ ಅರ್ಧ ಏರಿ, ಜಾರಿ ಮತ್ತೆ ನೀರಿಗೆ ಬೀಳುತ್ತಿದ್ದವು. ಮತ್ತೆ ಏರುತ್ತಿದ್ದವು, ಮತ್ತೆ ಜಾರುತ್ತಿದ್ದವು. ಅಪ್ಪ ಬಂದೂಕನ್ನು ಹೊಲದಲ್ಲೇ ಬಿಸಾಕಿ ಎತ್ತನ್ನು ಎಳೆದುಕೊಂಡು ಓಡಿ ಬಂದ, ಎತ್ತಿನ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಕಾಲುವೆಗೆ ಇಳಿದ. ಅಕ್ಕ ಮೇಲೆ ಎತ್ತನ್ನು ಹಿಡಿದು ನಡೆಸಿದಳು. ಒಂದು ಹೆಣ್ಣನ್ನು ಅಪ್ಪ ಎದೆಗವಚಿಕೊಂಡು ಮೇಲೆ ತಂದ. ಅದು ಅವನ ತೋಳು ಹರಿಯುವ ಹಾಗೆ ಒದ್ದು ಗುಡ್ಡದ ಕಡೆ ಓಡಿತು. ಆ ಸಂಜೆ ಬದುಕಿದ್ದು ಅದೊಂದೇ.

ಎರಡನೆಯದಕ್ಕೆ ಅವನು ಇಳಿಯುವಷ್ಟರಲ್ಲಿ ಜೀಪು ಬಂತು. ಗುಂಡಿನ ಸದ್ದು ಕ್ಯಾಂಪಿಗೆ ಕೇಳಿಸಿತ್ತು. ಓವರ್ಸಿಯರ್, ನಾಲ್ಕಾರು ಮಂದಿ ಕೂಲಿಗಳು, ಜೊತೆಗೆ ದೊಡ್ಡ ಸಾಹೇಬ. ಬಿಳಿ ಅಂಗಿಯ, ಮೃದು ಮಾತಿನ ಮನುಷ್ಯ. ಕಾಲುವೆಯೊಳಗೆ ನೋಡಿ ಅವನ ಮುಖ ಜಾತ್ರೆಗೆ ಬಂದ ಹುಡುಗನ ಹಾಗಾಯಿತು. ಕೂಲಿಗಳು ಹಗ್ಗ, ಬಡಿಗೆ ಹಿಡಿದು ಇಳಿದರು. ಅಪ್ಪ ನೀರಿನಲ್ಲಿ ನಿಂತೇ ಅವರಿಗೆ ಕೈ ಅಡ್ಡ ಹಿಡಿದ.

"ನಾ ಹೊಡದಿದ್ದು ಅಲ್ಲಿ ಹೊಲದಾಗ ಬಿದ್ದದರಿ, ಅದನ್ನ ಒಯ್ರಿ. ಇವು ಬ್ಯಾಟಿ ಅಲ್ರಿ, ಇವನ್ನ ಬಿಡ್ರಿ" ಎಂದ.

ಅವನ ಮಾತು ಯಾರೂ ಕೇಳಲಿಲ್ಲ. ಬಡಿಗೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಅಕ್ಕ ನನ್ನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಅದಕ್ಕೇ ನನಗೆ ಮಾತುಗಳು ಮಾತ್ರ ಕೇಳಿಸಿದವು. ಓವರ್ಸಿಯರ್ ತನ್ನ ಮಾತು ಉಳಿಸಿಕೊಂಡ, ಅದನ್ನೂ ಹೇಳಬೇಕು. ಈ ರೈತ ಇಲ್ಲಿ ಒಂದು ಸೇತುವೆ ಕೇಳುತ್ತಿದ್ದಾನೆ, ಇದೇ ಜಾಗ ಎಂದು ಸಾಹೇಬನಿಗೆ ತೋರಿಸಿದ. ಸಾಹೇಬ ನಕ್ಕ.

"ಇಲ್ಲಿ ಸೇತುವೆ ಬೇಡ ಕಣ್ರೀ. ಕಟ್ಟಿದರೆ ಇವೆಲ್ಲ ದಾಟಿಕೊಂಡು ಹೋಗಿಬಿಡ್ತವೆ" ಎಂದ.

ಎಲ್ಲರೂ ನಕ್ಕರು. ನಾನು ಅಕ್ಕನ ಕೈಯಿಂದ ಮುಖ ಬಿಡಿಸಿಕೊಂಡು ನೋಡಿದೆ, ಅಪ್ಪ ನೀರಿನಲ್ಲೇ ನಿಂತಿದ್ದ. ಅವನು ಸಿಟ್ಟಾಗಲಿಲ್ಲ, ಬೈಯಲಿಲ್ಲ. ಓಣಿಯಲ್ಲಿ ಯಾರಾದರೂ ನಮ್ಮ ಕೋಳಿಗೆ ಕಲ್ಲು ಹೊಡೆದರೆ ಆಕಾಶ ಭೂಮಿ ಒಂದು ಮಾಡುತ್ತಿದ್ದ ನನ್ನ ಅಪ್ಪ, ಆ ಸಾಹೇಬನ ಮುಂದೆ ಒದ್ದೆ ಬಟ್ಟೆಯಲ್ಲಿ ಕೈ ಮುಗಿದು ನಿಂತ. ಪೂಲಿನ ಆಸೆ ಆಗಲೂ ಹೋಗಿರಲಿಲ್ಲ ಅವನಿಗೆ. ಚಿಗರಿಗಳು ಸತ್ತದ್ದಕ್ಕಿಂತ ಆ ಮುಗಿದ ಕೈಗಳು ನನ್ನನ್ನು ಹೆಚ್ಚು ಸುಟ್ಟಿವೆ.

ಜೀಪು ತುಂಬಿಕೊಂಡು ಹೋದರು. ನಾವು ಮನೆ ಸೇರುವಷ್ಟರಲ್ಲಿ ಕ್ಯಾಂಪಿನಿಂದ ಒಬ್ಬ ಆಳು ಬಂದು ನಮ್ಮ ಪಾಲೆಂದು ಒಂದು ತೊಡೆ ಇಟ್ಟು ಹೋಗಿದ್ದ. ಬೇಟೆಯ ಪಾಲನ್ನು ಓಣಿಗೆ ಹಂಚುತ್ತಿದ್ದ ಮನೆ ನಮ್ಮದು, ನಮಗೇ ಪಾಲು ಬಂದದ್ದು ಅದೇ ಮೊದಲು. ಅವ್ವ ಅದನ್ನು ಮುಟ್ಟಲಿಲ್ಲ. ಕಾಕಾ ಹೊರಸಿನ ಮೇಲೆ ಎದ್ದು ಕೂತು ಏನಾಯಿತೆಂದು ಕೇಳಿದ. ಅಕ್ಕ ಹೇಳಿದಳು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವತ್ತಿನಿಂದ ಅವರಿಬ್ಬರೂ ಬೆಳಿಗ್ಗೆ ಸಂಜೆಯ ಮಾತು ಎತ್ತಲಿಲ್ಲ. ಊಟದ ಹೊತ್ತಿನಲ್ಲಿ ಅಂಗಳ ಎಷ್ಟು ಸುಮ್ಮನಿರುತ್ತಿತ್ತೆಂದರೆ, ಅವ್ವ ತಾನಾಗಿಯೇ ಆ ಜಗಳ ಹಚ್ಚಲು ಒಂದೆರಡು ಸಲ ನೋಡಿದಳು. ಅವರು ತಲೆ ತಗ್ಗಿಸಿ ಉಂಡು ಎದ್ದರು.

ಸುದ್ದಿ ಮಾತ್ರ ಸುಮ್ಮನಿರಲಿಲ್ಲ. ನಾಯಿ ಬಿಟ್ಟು ಹಿಂಡನ್ನು ಕಾಲುವೆಗೆ ಅಟ್ಟಿದರೆ ಸಾಕು, ಬಂದೂಕೂ ಬೇಡ, ಎತ್ತೂ ಬೇಡ ಎಂದು ಸುತ್ತಲಿನವರಿಗೆಲ್ಲ ತಿಳಿಯಿತು. ಬೆಳಿಗ್ಗೆ ಬಂದರು, ಸಂಜೆ ಬಂದರು, ಮಟಮಟ ಮಧ್ಯಾಹ್ನವೂ ಬಂದರು. ಹೆಣ್ಣೆನ್ನಲಿಲ್ಲ, ಮರಿಯೆನ್ನಲಿಲ್ಲ. ಕೆಲವೇ ವರ್ಷಗಳಲ್ಲಿ ನಮ್ಮ ಗುಡ್ಡದಿಂದ ಇಳಿಯುವ ಪ್ರಾಣಿಯೇ ಉಳಿಯಲಿಲ್ಲ. ಅಪ್ಪ ಬಂದೂಕು ಮುಟ್ಟಲಿಲ್ಲ. ಪೂಲು ಕ್ಯಾಂಪಿನ ಹತ್ತಿರ, ಅವರ ಜೀಪು ದಾಟುವ ಕಡೆ ಆಯಿತು. ಹೊಲಕ್ಕೆ ನಡೆದು ನಡೆದು ಸಾಕಾಗಿ ಅದನ್ನು ಸಿಕ್ಕಷ್ಟಕ್ಕೆ ಕೊಟ್ಟು, ಅಪ್ಪ ಅವ್ವ ಊರ ಕಡೆಯ ಕೆಸರುಗದ್ದೆಗಳಲ್ಲಿ ಬೇರೆಯವರ ಭತ್ತ ಹಚ್ಚಲು ಕೂಲಿಗೆ ಹೋದರು. ಮೂರು ಹೊತ್ತು ಜೋಳದ ರೊಟ್ಟಿ ತಿನ್ನುತ್ತಿದ್ದ ನಾವು ಅಂದಿನಿಂದ ಅನ್ನ ಉಣ್ಣತೊಡಗಿದೆವು. ಊರವರು ಅದನ್ನು ಬದುಕು ಸುಧಾರಿಸಿತು ಎಂದರು.

ಮಕ್ಕಳೇ, ನೀವು ಹುಟ್ಟಿದಾಗಿನಿಂದ ಕಾಲುವೆ ನೋಡಿದ್ದೀರಿ. ನಿಮಗೆ ಅದು ಈಜುವ ಜಾಗ, ಬೈಕು ತೊಳೆಯುವ ಜಾಗ. ಶಾಲೆಯ ಬಸ್ಸಿಗೆ ನೀವು ದಿನಾ ಕಾದು ನಿಲ್ಲುವ ದೊಡ್ಡ ಸೇತುವೆ ಇದೆಯಲ್ಲ, ಎರಡು ಲಾರಿ ಎದುರಾದರೂ ನಿಲ್ಲದೆ ಹೋಗುವಂಥದ್ದು, ಅದನ್ನು ಹೋದ ವರ್ಷ ಕಟ್ಟಿದರು. ಅಪ್ಪ ಕೇಳಿದ್ದ ಜಾಗದಲ್ಲೇ ಕಟ್ಟಿದರು. ಅದಕ್ಕೆ ಈಗ ಯಾರೂ ಕೈ ಮುಗಿಯಬೇಕಾಗಲಿಲ್ಲ, ಯಾರೂ ಏನೂ ಹೊಡೆದು ಕೊಡಬೇಕಾಗಲಿಲ್ಲ. ನೀವು ಪುಣ್ಯವಂತರು, ಅದನ್ನು ಮನಸ್ಸಿನಿಂದಲೇ ಹೇಳುತ್ತೇನೆ. ಮೊನ್ನೆ ನೀವು ಅಲ್ಲಿ ನಿಂತು, ಅಜ್ಜಿ, ಆ ಕಡೆ ಏನಿದೆ, ನಾವು ಯಾಕೆ ಒಮ್ಮೆಯೂ ಹೋಗುವುದಿಲ್ಲ ಎಂದು ಕೇಳಿದಿರಿ. ನಾನು ಉತ್ತರ ಹೇಳದೆ ನಿಮ್ಮನ್ನು ಎಳೆದುಕೊಂಡು ಬಂದೆ, ನೀವು ಮುನಿಸಿಕೊಂಡಿರಿ. ಉತ್ತರ ಇಷ್ಟೇ. ಆ ಕಡೆ ಈಗ ನಮ್ಮದು ಎನ್ನುವುದು ಏನೂ ಇಲ್ಲ, ಮತ್ತು ಆ ಕಡೆಯಿಂದ ದಾಟಿ ಬರುವವರೂ ಯಾರೂ ಉಳಿದಿಲ್ಲ.